ಜಕ್ಕಿಯಬ್ಬೆ: ಇವತ್ತು ಮಗಳಿಗೆ ಇಡಬಹುದಾದ ಹೆಸರೇ?

ನಮಸ್ಕಾರ. ಹುಟ್ಟಿದ ಹೆಣ್ಣುಮಗುವಿಗೆ "ಯಾರೂ ಇಟ್ಟಿರಬಾರದು, ಆದರೆ ಅರ್ಥ ಇರಬೇಕು" ಅನ್ನುವಂಥ ಹೆಸರು ಹುಡುಕುತ್ತಿರುವವರಿಗಾಗಿ ಇವತ್ತಿನ ಮಾತು. ಒಂದೇ ಹೆಸರು ತಗೊಳ್ಳೋಣ: ಜಕ್ಕಿಯಬ್ಬೆ. ಕೇಳಿದ ಕೂಡಲೇ ಅರ್ಧ ಜನ ಮೂಗು ಮುರೀತಾರೆ, ಗೊತ್ತು. ಇರಲಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಇದೇ ಬೇರಿನಿಂದ ಬಂದ ಯಕ್ಷಾ, ಯಕ್ಷಿತಾ ಇವತ್ತು ಎಷ್ಟೋ ಮನೆಗಳಲ್ಲಿ ತೊಟ್ಟಿಲೇರುತ್ತಿವೆ. ಜಕ್ಕಿ ಮಾತ್ರ ಹಳ್ಳಿಗೊಡ್ಡು ಅನ್ನಿಸಿಕೊಂಡಿದೆ. ಈ ತಾರತಮ್ಯಕ್ಕೆ ಅರ್ಥದಲ್ಲಾಗಲಿ, ಚರಿತ್ರೆಯಲ್ಲಾಗಲಿ ಒಂದು ಚೂರೂ ಆಧಾರ ಇಲ್ಲ.

ಹೆಸರನ್ನು ಬಿಡಿಸಿ ನೋಡಿ. ಜಕ್ಕಿ, ಅಬ್ಬೆ, ಮಧ್ಯೆ ಯಕಾರಾಗಮ ಸಂಧಿ, ಅಷ್ಟೇ. ಜಕ್ಕಿ ಅಂದರೆ ಯಕ್ಷಿ. ಕನ್ನಡದ ಬಾಯಿಗೆ ಬಂದಾಗ ಮೊದಲ ಯಕಾರ ಜಕಾರ ಆಗುತ್ತೆ: ಯಾತ್ರೆ ಜಾತ್ರೆ ಆಯ್ತು, ಯೋಗಿ ಜೋಗಿ ಆದ, ಯೌವನ ಜವ್ವನ, ಯಮ ಜವ. ಕ್ಷಕಾರ ದ್ವಿತ್ವ ಕಕಾರ ಆಗುತ್ತೆ: ಪಕ್ಷಿ ಹಕ್ಕಿ, ಲಕ್ಷ ಲಕ್ಕ. ಎರಡೂ ಸೇರಿದರೆ ಯಕ್ಷ ಜಕ್ಕ, ಯಕ್ಷಿ ಜಕ್ಕಿ. ಇಲ್ಲಿ ಒಂದು ಎಚ್ಚರ. ಹಳಗನ್ನಡದಲ್ಲಿ ಜಕ್ಕವಕ್ಕಿ ಅಂತ ಒಂದು ಹಕ್ಕಿ ಬರುತ್ತೆ. ಅದು ಚಕ್ರವಾಕ, ಅದರ ದಾರಿಯೇ ಬೇರೆ. ಯಾರಾದರೂ "ಜಕ್ಕಿ ಅಂದ್ರೆ ವಿರಹದ ಹಕ್ಕಿ" ಅಂತ ಅರ್ಥ ಹೇಳಿದರೆ ನಂಬಬೇಡಿ. ಅಬ್ಬೆ ಅಂದರೆ ತಾಯಿ, ಹಿರಿಯಳು. ದಕ್ಷಿಣ ಕನ್ನಡ, ಕಾಸರಗೋಡಿನ ಹವ್ಯಕರ ಮನೆಗಳಲ್ಲಿ ಮಕ್ಕಳು ತಾಯಿಯನ್ನು ಇವತ್ತಿಗೂ ಅಬ್ಬೆ ಅಂತಲೇ ಕರೆಯೋದು.

ಯಕ್ಷಿ ಅಂದರೆ ಇಲ್ಲಿ ಯಾರು? ಜೈನರಲ್ಲಿ ಒಬ್ಬೊಬ್ಬ ತೀರ್ಥಂಕರನಿಗೂ ಒಬ್ಬ ಯಕ್ಷ, ಒಬ್ಬಳು ಯಕ್ಷಿ ಕಾವಲಿಗೆ. ಪಾರ್ಶ್ವನಾಥನಿಗೆ ಪದ್ಮಾವತಿ, ನೇಮಿನಾಥನಿಗೆ ಅಂಬಿಕೆ ಅಥವಾ ಕೂಷ್ಮಾಂಡಿನಿ, ಚಂದ್ರಪ್ರಭನಿಗೆ ಜ್ವಾಲಾಮಾಲಿನಿ. ಕಾಯುವ ದೇವತೆಯ ಹೆಸರು ಮಗಳಿಗೆ. ಲಕ್ಷ್ಮಿಯಿಂದ ಲಕ್ಕಮ್ಮ ಬಂದ ಹಾಗೇ ಇದು.

ಈಗ ಹೆಸರು ಹೊತ್ತವಳ ಕಡೆ ಬನ್ನಿ, ಇಡೀ ಮಾತಿನ ತಿರುಳು ಇರೋದೇ ಇಲ್ಲಿ. ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಒಂದು ಶಾಸನ ಇದೆ. ಕಾಲ ರಾಷ್ಟ್ರಕೂಟರ ಇಮ್ಮಡಿ ಕೃಷ್ಣನದು. ಶಾಸನದ ಕನ್ನಡದಲ್ಲಿ ಅವನು ಕನ್ನರ. ನಾಗರಖಂಡ ಎಪ್ಪತ್ತು ಅನ್ನುವ ನಾಡು, ಎಪ್ಪತ್ತು ಅಂದರೆ ಊರುಗಳ ಲೆಕ್ಕ. ಅದಕ್ಕೆ ನಾಗಾರ್ಜುನ ಅನ್ನುವವನು ನಾಳ್ಗಾವುಂಡ, ಅಂದರೆ ನಾಡಿನ ಮುಖ್ಯಸ್ಥ. 911ರ ಹೊತ್ತಿಗೆ ಅವನು ತೀರಿಕೊಂಡ. ಆ ಹುದ್ದೆ ಹೋದದ್ದು ಅವನ ಹೆಂಡತಿ ಜಕ್ಕಿಯಬ್ಬೆಗೆ, ಅದೂ ಅರಸನ ಅಪ್ಪಣೆಯಿಂದ. ವಿಧವೆಗೆ ಜೀವನಾಂಶ ಕೊಟ್ಟು ಮೂಲೆಗೆ ಕೂರಿಸಿದ್ದಲ್ಲ, ಎಪ್ಪತ್ತು ಊರಿನ ಆಡಳಿತ ಕೊಟ್ಟದ್ದು. ಆಕೆ ಅದನ್ನು ನಡೆಸಿದಳು. ಶಾಸನ ಆಕೆಯ ಆಡಳಿತ ಸಾಮರ್ಥ್ಯವನ್ನೂ ಜಿನಭಕ್ತಿಯನ್ನೂ ಹೊಗಳುತ್ತೆ. ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, 918ರಲ್ಲಿ ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ, ಅಂದರೆ ಜೈನರ ಉಪವಾಸದ ವ್ರತ, ಮಾಡಿ ಪ್ರಾಣ ಬಿಟ್ಟಳು. ತಾಯಿಯಿಂದ ಮಗಳಿಗೆ ಅಧಿಕಾರ. ಹೆಸರಿನ ಆ್ಯಪ್‌ಗಳಲ್ಲಿ "ಅರ್ಥ: ಧೈರ್ಯಶಾಲಿ, ಅದೃಷ್ಟ ಸಂಖ್ಯೆ: 7" ಅಂತ ಬರೆದಿರುತ್ತಲ್ಲ, ಅದರ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಆಕೆ ಒಬ್ಬಳೇ ಅಲ್ಲ. ಶ್ರವಣಬೆಳಗೊಳಕ್ಕೆ ಹೋದವರಿಗೆ ಭಂಡಾರಿ ಬಸದಿ ಗೊತ್ತಿರುತ್ತೆ. ಅದರ ದಕ್ಷಿಣಕ್ಕೆ ಜಕ್ಕಿಕಟ್ಟೆ ಅಂತ ಒಂದು ಸಣ್ಣ ಕೆರೆ. ಪಕ್ಕದ ಬಂಡೆಯ ಮೇಲೆ ಜಿನಮೂರ್ತಿ, ಕೆಳಗೆ ಬರಹ: ಹೊಯ್ಸಳ ದಂಡನಾಯಕ ಗಂಗರಾಜನ ಅತ್ತಿಗೆ, ಬೊಪ್ಪದೇವನ ತಾಯಿ ಜಕ್ಕಿಮವ್ವೆ ಈ ಕೆರೆ ಕಟ್ಟಿಸಿದಳು ಅಂತ. 12ನೇ ಶತಮಾನದ ಮಾತು. ಕೆರೆಯ ಹೆಸರಲ್ಲಿ ಆಕೆಯ ಹೆಸರು ಇನ್ನೂ ಉಳಿದಿದೆ. ಕವಿ ರನ್ನನ ಇಬ್ಬರು ಹೆಂಡತಿಯರಲ್ಲಿ ಒಬ್ಬಳು ಜಕ್ಕಿ.

ಜನಪ್ರಿಯತೆಯ ವಿಷಯಕ್ಕೆ ಬರೋಣ. 10ನೇ ಶತಮಾನದಲ್ಲಿ ಈ ಅಬ್ಬೆ ಅನ್ನುವ ಅಂತ್ಯ ಅಪರೂಪದ್ದೇ ಅಲ್ಲ. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ, ರನ್ನನಿಗೆ ಆಶ್ರಯ ಕೊಟ್ಟವಳು ಅತ್ತಿಮಬ್ಬೆ, ಅವಳ ತಂಗಿ ಗುಂಡಮಬ್ಬೆ. ರನ್ನ ತನ್ನ ಮಗನಿಗೆ ಚಾವುಂಡರಾಯನ ನೆನಪಿಗೆ ರಾಯ ಅಂತ, ಮಗಳಿಗೆ ಅತ್ತಿಮಬ್ಬೆ ಅಂತ ಹೆಸರಿಟ್ಟ. ಉಪಕಾರ ಮಾಡಿದವರ ಹೆಸರು ಮಕ್ಕಳಿಗೆ ಇಡುವ ರೂಢಿ ಆಗಲೇ ಇತ್ತು, ನೋಡಿ. ವಚನಕಾರರ ಕಾಲಕ್ಕೆ ಬಂದರೆ ಅಬ್ಬೆ ಸವೆದು ಅವ್ವೆ ಆಗಿದೆ: ಗೊಗ್ಗವ್ವೆ, ಸಂಕವ್ವೆ, ರೆಮ್ಮವ್ವೆ. ಜೊತೆಗೆ ಅಮ್ಮ, ಅಕ್ಕ ಸೇರಿಕೊಂಡವು: ಲಕ್ಕಮ್ಮ, ಸತ್ಯಕ್ಕ. ಆಮೇಲೆ ಅವ್ವೆ ಉತ್ತರ ಕರ್ನಾಟಕದ ಅವ್ವ ಆಗಿ ನಿಂತಿತು. ಯಲ್ಲವ್ವ, ಗಂಗವ್ವ ಅನ್ನುವಾಗ ನಾವು ಉಚ್ಚರಿಸುತ್ತಿರೋದು ಆ ಅಬ್ಬೆಯನ್ನೇ.

ಇವತ್ತು ಎಷ್ಟು ಮಕ್ಕಳಿಗೆ ಈ ಹೆಸರಿದೆ? ಅಮೆರಿಕದಲ್ಲಾದರೆ ಸರ್ಕಾರವೇ ಪ್ರತಿ ವರ್ಷ ಪಟ್ಟಿ ಕೊಡುತ್ತೆ. ಒಂದು ವರ್ಷದಲ್ಲಿ ಕನಿಷ್ಠ 5 ಮಕ್ಕಳಿಗೆ ಇಟ್ಟ ಹೆಸರೆಲ್ಲ ಅದರಲ್ಲಿ ಇರುತ್ತೆ. ನಮ್ಮಲ್ಲಿ ಜನನ ನೋಂದಣಿಯಿಂದ ಅಂಥ ಪಟ್ಟಿ ಹೊರಡೋದಿಲ್ಲ. ಹಾಗಾಗಿ ಯಾವುದೋ ಜಾಲತಾಣ "ಕರ್ನಾಟಕದಲ್ಲಿ ಈ ಹೆಸರಿಗೆ ಇಂತಿಷ್ಟನೇ ಸ್ಥಾನ" ಅಂದರೆ, ಅದು ಅವರ ತಾಣದಲ್ಲಿ ಎಷ್ಟು ಜನ ಒತ್ತಿ ನೋಡಿದರು ಅನ್ನುವ ಲೆಕ್ಕ ಇರಬಹುದು, ಮಕ್ಕಳ ಲೆಕ್ಕ ಅಲ್ಲ. ಹಳೆಯ ಹೆಸರು ನಿಜಕ್ಕೂ ಇತ್ತೇ ಅಂತ ನೋಡಬೇಕಾದರೆ ಕರ್ನಾಟಕದ ಶಾಸನಗಳನ್ನು ಒಟ್ಟುಮಾಡಿ ಅಚ್ಚುಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳ ಕೊನೆಯ ಹೆಸರಿನ ಸೂಚಿ ತೆಗೆಯಿರಿ. ಅಲ್ಲಿ ಹತ್ತು ನಿಮಿಷ ಕಳೆದರೆ ಯಾವ ಆ್ಯಪೂ ಕೊಡದ ಹೆಸರುಗಳು ಸಿಗುತ್ತವೆ.

ಇನ್ನು ತಕರಾರುಗಳು. ಮನೆಯ ಹಿರಿಯರು, ಅದರಲ್ಲೂ ಅಜ್ಜಿಯಂದಿರು, ಮೊದಲು ಎತ್ತೋ ಮಾತು ಜಕ್ಕಿಣಿ. ಹಳ್ಳಿಗಳಲ್ಲಿ ಜಕ್ಕಿಣಿ ಅಂದರೆ ಸತ್ತ ಹೆಂಗಸಿನ ದೆವ್ವ. "ಮಗೂಗೆ ದೆವ್ವದ ಹೆಸರಿಡ್ತೀಯೇನೋ" ಅಂತ ಬೈಗುಳ ಖಂಡಿತ. ಇದನ್ನು ನಕ್ಕು ತಳ್ಳಬೇಡಿ, ಏಕೆಂದರೆ ಅದೂ ಇದೇ ಬೇರಿನದು: ಯಕ್ಷಿಣಿ, ಜಕ್ಕಿಣಿ. ಆದರೆ ಅದೇ ಅಜ್ಜಿ ಯಕ್ಷಿತಾಗೆ ತಲೆದೂಗಿದ್ದರೆ ಈ ವಾದಕ್ಕೆ ಕಾಲಿಲ್ಲ. ಕೇರಳದ ಕಡೆ ನಂಟಿದ್ದವರಿಗೆ ಯಕ್ಷಿ ಅಂದರೇ ರಕ್ತ ಹೀರುವವಳು. ಅಲ್ಲಿ ಜಕ್ಕಿಗಿಂತ ಯಕ್ಷಿತಾಳಿಗೇ ಕಷ್ಟ ಜಾಸ್ತಿ.

ಎರಡನೆಯದು ಶಾಲೆಯ ಗೇಲಿ. ಅಬ್ಬೇಪಾರಿ ಅನ್ನೋ ಬೈಗುಳ ನಮ್ಮಲ್ಲೇ ಇದೆ. ಬೆಂಗಳೂರಿನ ಶಾಲೆಗಳಲ್ಲಿ ಹಿಂದಿಯ "ಅಬೇ" ಸೇರಿಕೊಳ್ಳುತ್ತೆ. ಜಕ್ಕಿ ಜಾಕಿ ಆಗಿ, ಅಲ್ಲಿಂದ ಒಳಉಡುಪಿನ ಜೋಕಿಗೆ ಇಳಿಯೋದಕ್ಕೆ ಒಂದು ವಾರ ಸಾಕು. ಇದನ್ನು ತಪ್ಪಿಸೋ ಉಪಾಯ ಇಲ್ಲ. ಮನೆಯಲ್ಲಿ ಮೊದಲಿನಿಂದ ಪೂರ್ತಿ ಹೆಸರು ಕರೆದರೆ ಸ್ವಲ್ಪ ವಾಸಿ. ಮಗು ತನ್ನ ಹೆಸರನ್ನು ತಾನೇ ಅಳುಕಿಲ್ಲದೆ ಹೇಳೋದು ಕಲಿಯುತ್ತೆ.

ನಕ್ಷತ್ರ ನೋಡಿ ಹೆಸರಿಡುವವರಿಗೆ: ಉತ್ತರಾಷಾಢದ ಮೂರನೇ ಪಾದಕ್ಕೆ ಬರೋದು "ಜಾ". ಹ್ರಸ್ವ ದೀರ್ಘ ನೋಡದ ಪುರೋಹಿತರಾದರೆ ಜಕ್ಕಿಯಬ್ಬೆ ಸಲ್ಲುತ್ತೆ.

ಕೊನೆಗೆ ಕಾಗದಪತ್ರ. ಅಪರೂಪದ ಹೆಸರುಗಳು ನಿಜವಾಗಿ ಸೋಲೋದು ಇಲ್ಲಿ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಅವರೇ ಕಳಿಸ್ತಾರೆ. ಆಗ ಹೆಸರಿನ ಜಾಗ ಖಾಲಿ ಬಿಡಬಹುದು. 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ, ಆಮೇಲೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೆ ಸೇರಿಸಬಹುದು. ಹಾಗಾಗಿ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಅವಸರದಲ್ಲಿ ಬರೆಸಬೇಡಿ, ಮನೆಯವರೆಲ್ಲ ಒಪ್ಪಿದ ಮೇಲೆ ಬರೆಸಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಜನನದ ದಾಖಲೆ ಈ ಪ್ರಮಾಣಪತ್ರವೇ. ಇಲ್ಲಿನ ಒಂದು ಅಕ್ಷರದ ತಪ್ಪು ಎಲ್ಲ ಕಡೆ ಹಿಂಬಾಲಿಸುತ್ತೆ.

ಕನ್ನಡದ ಸಾಲಿನಲ್ಲಿ ಎರಡು ಒತ್ತಕ್ಷರ, ಕ್ಕಿ ಮತ್ತು ಬ್ಬೆ. ಎರಡೂ ಇವೆಯೇ ಅಂತ ಪರದೆಯ ಮೇಲೇ ನೋಡಿ. ಇಂಗ್ಲಿಷ್ ಸಾಲಿನಲ್ಲಿ ಹತ್ತು ಅಕ್ಷರ: ಜೆ, ಎ, ಕೆ, ಕೆ, ಐ, ವೈ, ಎ, ಬಿ, ಬಿ, ಇ. ಸಾಮಾನ್ಯವಾಗಿ ಬಿಟ್ಟುಹೋಗೋದು ಎರಡನೇ ಕೆ, ಇಲ್ಲವೇ ವೈ. ಒಂದು ಕೆ ಹೋದರೆ ಓದುವವರ ಬಾಯಲ್ಲಿ ಅದು ಜಾಕಿಯಬ್ಬೆ. ಅಂಕಿಶಾಸ್ತ್ರದವರು ಹೇಳಿದರು ಅಂತ ಕೊನೆಗೆ ಇನ್ನೊಂದು ಇ, ವೈ ಅಂಟಿಸಬೇಡಿ. ಆಧಾರ್‌ನಲ್ಲಿ ಒಂದು ಥರ, ಶಾಲೆಯಲ್ಲಿ ಒಂದು ಥರ ಆಗಿ ನೀವೇ ಅಲೆಯಬೇಕಾಗುತ್ತೆ. ಅಪ್ಪನ ಹೆಸರಿನ ಇನಿಶಿಯಲ್ ಸೇರಿಸುವವರು ಒಂದು ವಿಷಯ ನೆನಪಿಡಿ: ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯೋದಿಲ್ಲ, ಬಿಡಿಸಿ ಬರೆಯಬೇಕು. ಜಕ್ಕಿಯಬ್ಬೆಯ ಜೊತೆ ಅಪ್ಪನ ಉದ್ದದ ಹೆಸರೂ ಸೇರಿದರೆ ಎಷ್ಟೋ ಫಾರಂಗಳ ಚೌಕ ಸಾಲೋದಿಲ್ಲ. ಸರ್‌ನೇಮ್ ಜಾಗಕ್ಕೆ ಊರಿನದೋ ಮನೆತನದ್ದೋ ಗಿಡ್ಡ ಹೆಸರೊಂದನ್ನು ಹೆಸರು ಸೇರಿಸುವ ದಿನವೇ ಗೊತ್ತುಮಾಡಿಕೊಂಡು ಹೋಗಿ.