ಕರೆಂಟಿಗೊಂದು ಪೈಪು, ಸಿಗ್ನಲ್ಲಿಗೊಂದು ಪೈಪು

ಎಲ್ರಿಗೂ ನಮಸ್ಕಾರ. ಮನೆ ಕಟ್ಟಿಸ್ತಿರೋರು, ವೈರಿಂಗ್ ಕೆಲಸ ಮಾಡೋ ಹುಡುಗರು ಸ್ವಲ್ಪ ಗಮನ ಇಟ್ಟು ಕೇಳಿ, ನಾನು ಹೇಳೋಕೆ ಬಂದಿರೋದು ಒಂದೇ ಮಾತು. ಕರೆಂಟಿನ ವೈರನ್ನೂ ಸಿಗ್ನಲ್ ವೈರನ್ನೂ ಒಂದೇ ಪೈಪಲ್ಲಿ ಎಳೀಬೇಡಿ. ಸಿಗ್ನಲ್ ವೈರು ಅಂದ್ರೆ ಇಂಟರ್ನೆಟ್, ಸಿಸಿಟಿವಿ, ಟೀವಿ, ಮೈಕು ಇವುಗಳ ಕೇಬಲ್ಲು.

ಯಾಕಂದ್ರೆ ಮನೆಗೆ ಬರೋ 230 ವೋಲ್ಟ್ ಕರೆಂಟು ಸೆಕೆಂಡಿಗೆ 50 ಸಲ ಹೋಗಿ ಬಂದು ಮಾಡುತ್ತೆ, ಅದರ ಸುತ್ತ ಕಾಂತಕ್ಷೇತ್ರನೂ ಏಳ್ತಾ ಬೀಳ್ತಾ ಇರುತ್ತೆ, ಪಕ್ಕದಲ್ಲಿ ಉದ್ದಕ್ಕೂ ಮಲಗಿರೋ ವೈರಿನಲ್ಲಿ ಮುಟ್ಟದೇನೇ ಕರೆಂಟು ಹುಟ್ಟಿಸುತ್ತೆ. ಮೈಕಿಂದ ಬರೋದು ವೋಲ್ಟಿನ ಸಾವಿರದಲ್ಲೊಂದು ಪಾಲಿನ ಲೆಕ್ಕ, ಅದು ಹೇಗೆ ತಡ್ಕೊಳ್ಳುತ್ತೆ ಹೇಳಿ!

ಒಂದ್ಸಲ ಒಂದು ಕಲ್ಯಾಣ ಮಂಟಪದಿಂದ ರಾತ್ರಿ ಫೋನು, ಬೆಳಗಾದ್ರೆ ಮುಹೂರ್ತ, ಸ್ಪೀಕರಲ್ಲಿ ಗುಂಯ್ ಅಂತ ಒಂದೇ ಸಮನೆ ಸದ್ದು. ಆಂಪ್ಲಿಫೈಯರ್ ಬದಲಾಯಿಸಿದಾರೆ, ಹೊಸ ಮೈಕ್ ತಂದಿದಾರೆ, ದುಡ್ಡು ಖರ್ಚಾಯ್ತೇ ಹೊರತು ಸದ್ದು ಹೋಗ್ಲಿಲ್ಲ. ನಾನು ಹೋಗಿ ಮೈಕ್ ಮುಟ್ಲೇ ಇಲ್ಲ, ಸ್ಟೇಜ್ ಲೈಟಿನ ಡಿಮ್ಮರ್, ಅಂದ್ರೆ ಬೆಳಕು ಹೆಚ್ಚು ಕಡಿಮೆ ಮಾಡೋ ಸ್ವಿಚ್ಚು, ನಿಧಾನಕ್ಕೆ ತಿರುಗಿಸಿದೆ. ಅರ್ಧಕ್ಕೆ ಬಂದಾಗ ಸದ್ದು ಗರಗರ ಅಂತ ಕರ್ಕಶ ಆಯ್ತು, ಲೈಟ್ ಪೂರ್ತಿ ಆಫ್ ಮಾಡಿದ್ರೆ ಸೈಲೆಂಟು! ಗೋಡೆ ಮೇಲೆ ವೈರು ಮುಚ್ಚೋ ಕೇಸಿಂಗ್ ಪಟ್ಟಿಯ ಮುಚ್ಚಳ ಬಿಚ್ಚಿದ್ರೆ, ಮೈಕ್ ಕೇಬಲ್ಲನ್ನ ಡಿಮ್ಮರ್ ವೈರಿನ ಜೊತೆ ಜಡೆ ಹೆಣೆದಂಗೆ ಸುತ್ತಿ 60 ಅಡಿ ಉದ್ದಕ್ಕೂ ಕರೀ ಟೇಪ್ ಹಾಕಿದಾರೆ, ನೀಟಾಗಿ ಕಾಣ್ಲಿ ಅಂತ. ಕೂತು ಟೇಪೆಲ್ಲ ಕಿತ್ತು ಮೈಕ್ ಕೇಬಲ್ಲನ್ನ ಎದುರುಗಡೆ ಗೋಡೆಗುಂಟ ಎಳೆದಾಗ ಬೆಳಗಿನ ಜಾವ 3 ಗಂಟೆ. ಓಲಗದವರು ಬಂದು ಡೋಲಿಗೆ ಒಂದು ಪೆಟ್ಟು ಹಾಕಿದ್ರು ನೋಡಿ, ಪೆಟ್ಟು ಮಾತ್ರ ಕೇಳ್ತು, ಗುಂಯ್ ಇಲ್ಲ.

ಟೈಮ್ ಆಯ್ತು ಅಂತ ಕೈ ತೋರಿಸ್ತಿದಾರೆ, ಬೇಗ ಹೇಳ್ಬಿಡ್ತೀನಿ. ಕರೆಂಟಿನ ವೈರು, ಸಿಗ್ನಲ್ ವೈರು ಎರಡರ ಮಧ್ಯೆ ಒಂದಡಿ ಬಿಡಿ. ದಾಟಲೇಬೇಕು ಅಂದ್ರೆ ಪ್ಲಸ್ ಗುರುತಿನ ಥರ ನೇರ ಅಡ್ಡ ದಾಟಿಸಿ. ಇಂಟರ್ನೆಟ್ ಕೇಬಲ್ ಒಳಗಿನ ಜೋಡಿ ವೈರು ಹೊಸೆದಿರೋದೇ ಈ ಗಲಾಟೆ ತಡೆಯೋಕೆ, ತುದಿಯಲ್ಲಿ ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬೇಡಿ. ಸದ್ದು ನಿಲ್ಲಿಸೋಕೆ ಅಂತ ಪ್ಲಗ್ಗಿನ ಅರ್ತಿಂಗ್ ಪಿನ್ ಮಾತ್ರ ದಯವಿಟ್ಟು ಕೀಳಬೇಡಿ, ಜೀವಕ್ಕೆ ಕುತ್ತು.

ಜಾಗ ಇದೆಯಲ್ಲ ಸಾರ್, ಇದ್ರಲ್ಲೇ ತೂರಿಸ್ತೀನಿ ಅಂತಾರೆ ಕೆಲವು ವೈರಿಂಗಿನವರು, ಒಪ್ಕೋಬೇಡಿ. ನಾಳೆ ಮೋಲ್ಡ್ ಇದ್ರೆ ಇವತ್ತು ಸಂಜೆನೇ ಮೇಲೆ ಹತ್ತಿ ಎರಡು ಪೈಪು ಬೇರೆ ಬೇರೆ ಹೋಗಿದೆಯಾ ನೋಡಿ, ಕಾಂಕ್ರೀಟ್ ಬಿದ್ಮೇಲೆ ಒಡೀಬೇಕಾಗುತ್ತೆ. ನಮಸ್ಕಾರ.