ಆ 40 ಗಂಟೆಗಳನ್ನು ಮಕ್ಕಳ ಕೈಗೇ ಬಿಡಿ

ಎಲ್ಲರಿಗೂ ನಮಸ್ಕಾರ. ಕೆನಡಾದ ಒಂಟಾರಿಯೋದಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಕನ್ನಡದ ಮನೆಗಳಿಗೆ ಇವತ್ತಿನ ಮಾತು. ಬ್ರಾಂಪ್ಟನ್, ಮಿಸ್ಸಿಸಾಗಾ, ಮಿಲ್ಟನ್, ವಾಟರ್ಲೂ, ನೀವು ಎಲ್ಲೇ ಇರಿ. ವಿಷಯ ವಾಲಂಟಿಯರ್ ಅವರ್ಸ್.

ನಿಯಮ ನಿಮಗೆ ಗೊತ್ತಿದೆ. ಇಲ್ಲಿ ಹೈಸ್ಕೂಲ್ ಡಿಪ್ಲೊಮಾ ಕೈಗೆ ಬರಬೇಕಾದರೆ ಪಾಠದ ಕ್ರೆಡಿಟ್‌ಗಳ ಜೊತೆಗೆ 40 ಗಂಟೆ ಸಂಬಳವಿಲ್ಲದೆ ಸಮುದಾಯಕ್ಕೆ ಕೆಲಸ ಮಾಡಿರಬೇಕು. 1999ರಲ್ಲಿ ಗ್ರೇಡ್ 9ಕ್ಕೆ ಕಾಲಿಟ್ಟ ಮಕ್ಕಳಿಂದ ಇದು ಶುರುವಾಯಿತು. ಗ್ರೇಡ್ 8 ಮುಗಿದ ಬೇಸಿಗೆ ರಜೆಯಿಂದಲೇ ಗಂಟೆಗಳು ಲೆಕ್ಕಕ್ಕೆ ಬರುತ್ತವೆ. 4 ವರ್ಷಕ್ಕೆ 40 ಅಂದರೆ ವರ್ಷಕ್ಕೆ 10. ತಿಂಗಳಿಗೆ ಒಂದು ಗಂಟೆಯೂ ಆಗುವುದಿಲ್ಲ.

ಆದರೂ ಗ್ರೇಡ್ 12ರ ಮಾರ್ಚ್, ಏಪ್ರಿಲ್ ಬಂತೆಂದರೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಕೂಗು. "ಮಗನಿಗೆ ಇನ್ನೂ 25 ಅವರ್ಸ್ ಬೇಕು, ಯಾರಾದ್ರೂ ಫಾರ್ಮಿಗೆ ಸೈನ್ ಮಾಡಿಕೊಡ್ತೀರಾ?" ಕೆಲಸ ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ಕೇಳುವವರು ಯಾರು? ಅಪ್ಪ, ಇಲ್ಲವೇ ಅಮ್ಮ. ಮಗ ಆ ಗುಂಪಿನಲ್ಲೇ ಇಲ್ಲ.

ನನ್ನ ತಕರಾರು ಇರುವುದು ಇಲ್ಲಿ. ಈ 40 ಗಂಟೆ ಮಕ್ಕಳದ್ದು. ಅದನ್ನು ನಾವು ಅವರ ಕೈಯಿಂದ ಕಿತ್ತುಕೊಂಡಿದ್ದೇವೆ. ಜಾಗ ಹುಡುಕುವವರು ನಾವು, ಫೋನ್ ಮಾಡುವವರು ನಾವು, ಫಾರ್ಮ್ ತುಂಬುವವರೂ ನಾವೇ. ಹದಿನೈದು ವರ್ಷದ ಹುಡುಗಿ ಒಂದು ಅಪರಿಚಿತ ನಂಬರಿಗೆ ಫೋನ್ ಮಾಡಿ, "ನಾನು ನಿಮ್ಮಲ್ಲಿ ಕೆಲಸ ಮಾಡಬಹುದಾ" ಅಂತ ಕೇಳುವುದಿದೆಯಲ್ಲ, ಅದೇ ಅರ್ಧ ಪಾಠ. ಗಂಟಲು ಒಣಗುತ್ತದೆ, ಮಾತು ತೊದಲುತ್ತದೆ. ತೊದಲಲಿ ಬಿಡಿ.

ಇನ್ನು ನಮ್ಮ ಸಂಘಗಳ ಕಾರ್ಯಕ್ರಮಗಳ ಕಥೆ. ನವೆಂಬರಿನಲ್ಲಿ ರಾಜ್ಯೋತ್ಸವ. ಹಾಲ್ ತುಂಬಾ ಜನ, ಹತ್ತಾರು ಮಕ್ಕಳ ಕೊರಳಲ್ಲಿ ವಾಲಂಟಿಯರ್ ಬ್ಯಾಡ್ಜ್. ಕೆಲಸ ಇರುವುದು ನಾಲ್ಕು ಜನಕ್ಕೆ. ಉಳಿದವರು ಗೋಡೆಗೆ ಒರಗಿ ಫೋನ್ ನೋಡುತ್ತಾರೆ, ಊಟ ಮಾಡುತ್ತಾರೆ. ಸಂಜೆ ಎಲ್ಲರ ಫಾರ್ಮಿಗೂ ಒಂದೇ ಸೈನ್, ಒಂದೇ ಸಂಖ್ಯೆ. ಬೆಳಿಗ್ಗೆಯಿಂದ ಕುರ್ಚಿ ಜೋಡಿಸಿ, ಊಟದ ಸಾಲಿನಲ್ಲಿ ನಿಂತು ಬಡಿಸಿ, ಕೊನೆಗೆ ನೆಲ ಗುಡಿಸಿದ ಹುಡುಗನಿಗೂ ಅಷ್ಟೇ, ಸುಮ್ನೆ ನಿಂತಿದ್ದವನಿಗೂ ಅಷ್ಟೇ. ದುಡಿದ ಆ ಹುಡುಗ ಏನು ಕಲಿತ ಹೇಳಿ? ಸಂಘಗಳ ಹಿರಿಯರಲ್ಲಿ ನನ್ನ ಕೋರಿಕೆ ಒಂದೇ: ಮಾಡಿದ ಗಂಟೆಗೆ ಮಾತ್ರ ಸೈನ್ ಹಾಕಿ.

ಅದೇ ಸಂಘಗಳು ವಾರಾಂತ್ಯದಲ್ಲಿ ಕನ್ನಡ ಕಲಿಸುತ್ತವಲ್ಲ, ಅಲ್ಲಿ ನಿಜವಾದ ಕೆಲಸ ಇದೆ. ಐದಾರು ವರ್ಷದ ಮಕ್ಕಳ ಪಕ್ಕದಲ್ಲಿ ಕೂತು 'ಅ' ತಿದ್ದಿಸಲು ಒಬ್ಬ ಅಕ್ಕ ಬೇಕು, ಒಬ್ಬ ಅಣ್ಣ ಬೇಕು. ಟೀಚರ್ ಒಬ್ಬರೇ ಎಲ್ಲರನ್ನೂ ನೋಡಿಕೊಳ್ಳಲು ಆಗುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ ತನಗಿಂತ ಚಿಕ್ಕವರಿಗೆ ಅಕ್ಷರ ಹೇಳಿಕೊಡಲು ಕೂತರೆ ಅವಳ ಕನ್ನಡವೂ ಗಟ್ಟಿಯಾಗುತ್ತದೆ.

"ಕಡ್ಡಾಯ ಮಾಡಿದ ಮೇಲೆ ಅದೆಂಥ ಸೇವೆ?" ಅಂತ ಕೇಳುವವರಿದ್ದಾರೆ. ಪ್ರಶ್ನೆ ಹಳೆಯದು. ಅಮೆರಿಕದ ಪೆನ್ಸಿಲ್ವೇನಿಯಾದ ಬೆಥ್ಲೆಹೆಮ್ ಎಂಬ ಊರಿನಲ್ಲಿ ಹೈಸ್ಕೂಲ್ ಮುಗಿಸಲು 60 ಗಂಟೆ ಸೇವೆ ಕಡ್ಡಾಯ ಮಾಡಿದಾಗ ವಿಷಯ ಕೋರ್ಟಿಗೇ ಹೋಯಿತು. ಗುಲಾಮಗಿರಿಯನ್ನು ನಿಷೇಧಿಸುವ ಸಂವಿಧಾನದ 13ನೇ ತಿದ್ದುಪಡಿಗೆ ಇದು ವಿರುದ್ಧ ಎಂಬುದು ವಾದ. 1993ರಲ್ಲಿ ಮೇಲ್ಮನವಿ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ. ಗಣಿತವೂ ಕಡ್ಡಾಯವೇ ಅಲ್ವಾ? ಕಡ್ಡಾಯ ಅಂತ ಬಾಗಿಲ ತನಕ ಬಂದ ಮಗು ಒಳಗೆ ಬಂದ ಮೇಲೆ ಮನಸ್ಸಿಟ್ಟು ಕೆಲಸ ಮಾಡುವುದನ್ನು ನಾನು ನೋಡಿದ್ದೇನೆ. ಅದಕ್ಕೆ ಒಳಗೆ ನಿಜವಾದ ಕೆಲಸ ಇರಬೇಕು, ಅಷ್ಟೇ.

ಕರ್ನಾಟಕದಲ್ಲಿ ಕಾಲೇಜು ಓದಿದ ಅಪ್ಪ ಅಮ್ಮಂದಿರಿಗೆ ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ನೆನಪಿರಬೇಕು. 1969ರಲ್ಲಿ, ಗಾಂಧೀಜಿ ಹುಟ್ಟಿ ನೂರು ವರ್ಷವಾದಾಗ ಶುರುವಾದದ್ದು. ಅಲ್ಲಿ ಲೆಕ್ಕ 2 ವರ್ಷಕ್ಕೆ 240 ಗಂಟೆ, ಜೊತೆಗೆ ಹಳ್ಳಿಯಲ್ಲಿ 7 ದಿನದ ಶಿಬಿರ. ಶಾಲೆಯ ಕೋಣೆಯಲ್ಲಿ ಮಲಗಿ, ಚರಂಡಿ ಕಡಿದು, ಗಿಡ ನೆಟ್ಟು, ರಾತ್ರಿ ಊರವರ ಮುಂದೆ ನಾಟಕ ಆಡಿದವರು ನೀವು. ಆಗ ನಿಮ್ಮ ಪರವಾಗಿ ಯಾರೂ ಫೋನ್ ಮಾಡಿರಲಿಲ್ಲ. ಆ ಕಥೆಗಳನ್ನು ಮಕ್ಕಳಿಗೆ ಹೇಳಿ. ಹೇಳಿದ ಮೇಲೆ ಅವರಷ್ಟಕ್ಕೆ ಬಿಡಿ.

ಕೆಲವರಿಗೆ ಯೂನಿವರ್ಸಿಟಿ ಚಿಂತೆ. ವಾಟರ್ಲೂ ಎಂಜಿನಿಯರಿಂಗ್, ಮೆಕ್‌ಮಾಸ್ಟರ್ ಹೆಲ್ತ್ ಸೈನ್ಸಸ್ ತರಹದ ಕೋರ್ಸುಗಳಲ್ಲಿ ಅಂಕದ ಜೊತೆಗೆ ಬೇರೆ ಅರ್ಜಿಯನ್ನೂ ತುಂಬಬೇಕು, ನಿಜ. ಅದಕ್ಕಾಗಿ ಹತ್ತು ಕಡೆ ನಾಲ್ಕು ನಾಲ್ಕು ಗಂಟೆ ಮಾಡಿಸಿ ಪಟ್ಟಿ ಉದ್ದ ಮಾಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಒಂದೇ ಕಡೆ ಎರಡು ವರ್ಷ ಹೋದ ಹುಡುಗನಿಗೆ ಅಲ್ಲಿನ ಜನ ಗೊತ್ತಿರುತ್ತಾರೆ, ಅಲ್ಲಿನ ಕಷ್ಟ ಗೊತ್ತಿರುತ್ತದೆ. ಬರೆಯಲು ಕೂತರೆ ಅವನಿಗೆ ಮಾತಿಗೆ ಬರ ಇರುವುದಿಲ್ಲ.

ಎರಡು ಮೂರು ವಿಷಯ ಬೇಗ ಹೇಳಿಬಿಡುತ್ತೇನೆ. ಮನೆಯಲ್ಲಿ ಸಾಮಾನ್ಯವಾಗಿ ಮಾಡುವ ಕೆಲಸ ಲೆಕ್ಕಕ್ಕಿಲ್ಲ. ತಮ್ಮನನ್ನು ನೋಡಿಕೊಂಡೆ, ಪಾತ್ರೆ ತೊಳೆದೆ ಅಂದರೆ ನಡೆಯುವುದಿಲ್ಲ. ಶಾಲೆಯ ಬೋರ್ಡು, ಅಂದರೆ ಊರಿನ ಶಾಲೆಗಳನ್ನು ನಡೆಸುವ ಮಂಡಳಿ, ಒಪ್ಪಿದ ಕೆಲಸಗಳ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಮಾಡುವುದಾದರೆ ಪ್ರಿನ್ಸಿಪಾಲರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಮಾಡಿದ ಮೇಲೆ ಕೇಳಿದರೆ ಆ ಗಂಟೆಗಳು ಕೈತಪ್ಪಬಹುದು.

ಜಾಗ ಯಾವುದು ಅಂತ ಕೇಳಿದರೆ ನಾನು ಹೇಳುವುದು ಫುಡ್ ಬ್ಯಾಂಕ್, ಅಂದರೆ ಕಷ್ಟದಲ್ಲಿರುವವರಿಗೆ ದಿನಸಿಯನ್ನು ಉಚಿತವಾಗಿ ಹಂಚುವ ಜಾಗ. ಥ್ಯಾಂಕ್ಸ್‌ಗಿವಿಂಗ್ ಹತ್ತಿರ, ಕ್ರಿಸ್‌ಮಸ್ ಹತ್ತಿರ ಅಲ್ಲಿಗೆ ಜನ ಮುಗಿಬೀಳುತ್ತಾರೆ. ಆಫೀಸುಗಳಿಂದ ಗುಂಪು ಗುಂಪಾಗಿ ಬಂದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಜನವರಿ ಬಂತೆಂದರೆ ಎಲ್ಲರೂ ಮಾಯ. ಚಳಿ ಕಡುವಾಗಿರುತ್ತದೆ, ಹೀಟಿಂಗ್ ಬಿಲ್ ಏರಿರುತ್ತದೆ, ಸಾಲಿನಲ್ಲಿ ನಿಲ್ಲುವವರು ಮಾತ್ರ ಕಡಿಮೆಯಾಗುವುದಿಲ್ಲ. ಡಬ್ಬಿಗಳ ತಾರೀಕು ನೋಡಿ ಬೇರೆ ಮಾಡುವುದು, ಬೇಳೆ ಒಂದು ಕಡೆ ಪಾಸ್ತಾ ಒಂದು ಕಡೆ ಜೋಡಿಸುವುದು, ಆಲೂಗಡ್ಡೆ ಆರಿಸುವುದು, ಇವೆಲ್ಲ ಹದಿನಾಲ್ಕು ಹದಿನೈದರ ಮಕ್ಕಳು ಚೆನ್ನಾಗಿ ಮಾಡುವ ಕೆಲಸ. ವಯಸ್ಸಿನ ಮಿತಿ ಒಂದೊಂದು ಕಡೆ ಒಂದೊಂದು ತರಹ ಇರುತ್ತದೆ, ಮೊದಲು ಕೇಳಿಕೊಳ್ಳಲಿ. ಫುಡ್ ಬ್ಯಾಂಕ್ ದೂರವಾದರೆ ಪಕ್ಕದ ಮನೆಯ ವಯಸ್ಸಾದವರ ಡ್ರೈವ್‌ವೇಯಲ್ಲಿ ಬಿದ್ದ ಹಿಮವನ್ನು ತೆಗೆಯಲಿ. ಬೋರ್ಡಿನ ಪಟ್ಟಿಯಲ್ಲಿ ಅದು ಇದೆಯಾ ಅಂತ ನೋಡಿಕೊಂಡು ಹೊರಡಲಿ.

ನಿಮ್ಮ ಮನೆಯಲ್ಲಿ ಈ ಸಲ ಗ್ರೇಡ್ 9ಕ್ಕೆ ಹೋಗುವ ಮಗು ಇದ್ದರೆ ಈ ವಾರವೇ ನಂಬರ್ ಹುಡುಕಲು ಹೇಳಿ. ಫೋನ್ ಮಾಡಿ ಕೇಳಬೇಕಾದದ್ದು ಒಂದೇ ಪ್ರಶ್ನೆ: "ನಿಮಗೆ ಜನ ಕಡಿಮೆ ಇರುವುದು ಯಾವ ತಿಂಗಳು, ಯಾವ ವಾರ?" ಆ ದಿನಕ್ಕೆ ಹೆಸರು ಬರೆಸಲಿ. ನೀವು ಕಾರಿನಲ್ಲಿ ಬಿಟ್ಟು ಬನ್ನಿ, ಒಳಗೆ ಹೋಗಬೇಡಿ.