ಬಾಡಿಗೆಗೆ ಕೊಡಬಾರದ ಒಲೆ

ಕೇಳುಗರಿಗೆ ನಮಸ್ಕಾರ.

ಮುಂಬೈಯಲ್ಲಿ ಬಾಡಿಗೆ ಮನೆ ಹಿಡಿದವರಿಗೆ ‘ಲೀವ್ ಆಂಡ್ ಲೈಸೆನ್ಸ್’ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಹನ್ನೊಂದು ತಿಂಗಳ ಕರಾರು, ನೋಂದಣಿ, ಠೇವಣಿ. ಆ ಮನೆಯಲ್ಲಿ ವಾಸಿಸಬಹುದು, ಅಡುಗೆ ಮಾಡಬಹುದು, ಊರಿನಿಂದ ಬಂದ ನೆಂಟರನ್ನು ಉಳಿಸಿಕೊಳ್ಳಬಹುದು. ಒಂದು ಕೋಣೆಯನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಟ್ಟ ದಿನ ಮಾತ್ರ ಮಾಲೀಕ ಬಾಗಿಲಿಗೆ ಬರುತ್ತಾನೆ. ಇಪ್ಪತ್ತು ವರ್ಷ ಇಂಥ ಮನೆಗಳಲ್ಲೇ ಕಳೆದ ನಾನು ಕಂಪ್ಯೂಟರಿನ ಮುಂದೆ ಕುಳಿತಾಗ ಈ ಪಾಠವನ್ನು ಮರೆತೆ.

ಅಂಧೇರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕ್ಯಾಂಟೀನ್ ಗುತ್ತಿಗೆ ನಡೆಸುವ ಕುಂದಾಪುರದ ಶೆಟ್ಟರೊಬ್ಬರ ಲೆಕ್ಕಪತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಪ್ರತಿದಿನ ಬೆಳಿಗ್ಗೆ ಹದಿನೆಂಟು ಕಚೇರಿಗಳಿಂದ ‘ಇಂದು ಇಷ್ಟು ಊಟ’ ಎಂದು ಇಮೇಲ್ ಬರುತ್ತದೆ. ಅದನ್ನು ಒಬ್ಬ ಹುಡುಗ ಪುಸ್ತಕಕ್ಕೆ ಬರೆದು, ಅಡುಗೆಮನೆಗೆ ಫೋನಿನಲ್ಲಿ ಹೇಳುತ್ತಿದ್ದ. ಒಂದು ದಿನ ಅರವತ್ತು ಎಂಬುದು ನೂರ ಅರವತ್ತಾಯಿತು. ಉಳಿದ ನೂರು ಊಟದ ಅನ್ನ ಸಾರನ್ನು ನೋಡಿ ಶೆಟ್ಟರು ಹುಡುಗನನ್ನು ಬೈಯಲಿಲ್ಲ, ನನ್ನ ಕಡೆ ತಿರುಗಿ, “ಇದಕ್ಕೊಂದು ಯಂತ್ರ ಇಲ್ಲವೇ ಮಾರಾಯರೇ?” ಎಂದರು.

ಇದೆ. ಒಂದು ಕೆಲಸ ಮುಗಿದೊಡನೆ ಮುಂದಿನದನ್ನು ತಾನೇ ಎತ್ತಿಕೊಳ್ಳುವ ತಂತ್ರಾಂಶಗಳಿವೆ. ವರ್ಕ್‌ಫ್ಲೋ ಆಟೊಮೇಷನ್ ಎನ್ನುತ್ತಾರೆ. ಇಮೇಲ್ ಬಂದರೆ ಸಾಕು, ಸಂಖ್ಯೆಯನ್ನು ಹೆಕ್ಕಿ ಪಟ್ಟಿಗೆ ಸೇರಿಸುವುದು, ಅಡುಗೆಮನೆಗೆ ಸಂದೇಶ ಕಳುಹಿಸುವುದು, ಬಿಲ್ಲಿನ ಖಾತೆಗೆ ಬರೆಯುವುದು ಎಲ್ಲವೂ ಸಾಲಾಗಿ ನಡೆಯುತ್ತವೆ. ಜಾಪಿಯರ್‌ನಂಥ ಸೇವೆಯಲ್ಲಿ ಇದಕ್ಕೆ ತಿಂಗಳ ಚಂದಾ. ಅಲ್ಲಿ ಎಣಿಸುವುದು ಹೆಜ್ಜೆಗಳನ್ನು. ಉದಾಹರಣೆಗೆ ದಿನಕ್ಕೆ ನೂರು ಇಮೇಲ್, ಒಂದೊಂದಕ್ಕೆ ಮೂರು ಹೆಜ್ಜೆ ಎಂದರೆ 25 ದಿನಕ್ಕೆ 7,500 ಆಗುತ್ತದೆ. ಎನ್‌ಏಟ್‌ಎನ್ ಎಂಬ ಇನ್ನೊಂದರ ಚಂದಾ ಸೇವೆಯಲ್ಲಿ ಇಡೀ ಸಾಲು ಒಮ್ಮೆ ಓಡಿದರೆ ಒಂದೇ ಲೆಕ್ಕ, ಹಾಗಾಗಿ 2,500. ಬೆಲೆಪಟ್ಟಿ ನೋಡುವ ಮೊದಲು ಎಣಿಕೆ ಯಾವುದರದ್ದು ಎಂದು ಕೇಳಬೇಕು. ಟ್ಯಾಕ್ಸಿ ಹತ್ತುವಾಗ ಮೀಟರ್ ನೋಡುವ ಹಾಗೆ.

ಎನ್‌ಏಟ್‌ಎನ್‌ಗೆ ಇನ್ನೊಂದು ಗುಣವಿತ್ತು. ಅದರ ಸೋರ್ಸ್ ಕೋಡ್, ಅಂದರೆ ತಂತ್ರಾಂಶವನ್ನು ಬರೆದ ಮೂಲ ಪಠ್ಯ, ಎಲ್ಲರಿಗೂ ಕಾಣುತ್ತದೆ, ಇಳಿಸಿಕೊಂಡು ನಮ್ಮದೇ ಯಂತ್ರದಲ್ಲಿ ಕಾಸಿಲ್ಲದೆ ಓಡಿಸಬಹುದು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜಾತಿ ನನ್ನದು. ಇಳಿಸಿಕೊಂಡೆ. ಹದಿನೈದು ದಿನದಲ್ಲಿ ಕೆಲಸ ಸರಾಗವಾಯಿತು.

ಆಗ ಶೆಟ್ಟರ ಅಳಿಯನಿಗೆ ಒಂದು ಯೋಚನೆ ಬಂತು. “ಅಣ್ಣ, ಉಳಿದ ಕ್ಯಾಂಟೀನಿನವರಿಗೂ ಇದನ್ನೇ ಕೊಡೋಣ. ಯಂತ್ರ ನಮ್ಮದೇ, ಅವರು ತಮ್ಮ ಇಮೇಲ್ ಖಾತೆಯನ್ನು ಜೋಡಿಸಿದರೆ ಮುಗಿಯಿತು. ತಿಂಗಳಿಗೆ ತಲಾ ಸಾವಿರ ರೂಪಾಯಿ.” ನನಗೂ ರುಚಿಸಿತು. ಮೂವರಿಂದ ಮುಂಗಡವನ್ನೂ ತೆಗೆದುಕೊಂಡೆ. ತಂತ್ರಾಂಶದ ಜೊತೆ ಬರುವ ಬಳಕೆಯ ಕರಾರನ್ನು, ಅಂದರೆ ಪರವಾನಗಿಯ ಪಠ್ಯವನ್ನು ಓದಿದ್ದು ಅದಾದ ಮೇಲೆ, ಒಂದು ರಾತ್ರಿ ಹನ್ನೊಂದಕ್ಕೆ.

ಅದರ ಹೆಸರು ‘ಸಸ್ಟೈನಬಲ್ ಯೂಸ್ ಲೈಸೆನ್ಸ್’. 2019ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಈ ತಂತ್ರಾಂಶ ಮೊದಲು ಮಾರಾಟಕ್ಕೂ ಅಡ್ಡಿಯಿಲ್ಲದ ಅಪಾಚೆ ಎಂಬ ಪರವಾನಗಿಗೆ ‘ಮಾರಬಾರದು’ ಎಂಬ ಬಾಲವನ್ನು ಅಂಟಿಸಿಕೊಂಡಿತ್ತು. 2022ರ ಮಾರ್ಚ್‌ನಲ್ಲಿ ಹೊಸ ಪರವಾನಗಿಗೆ ಬಂತು. ಅದರಂತೆ ನಿಮ್ಮ ಸ್ವಂತ ವ್ಯವಹಾರದ ಒಳಗಿನ ಕೆಲಸಕ್ಕೆ ಬಳಸಬಹುದು. ಬೇರೆಯವರ ಕಚೇರಿಗೆ ಹೋಗಿ ಸ್ಥಾಪಿಸಿಕೊಟ್ಟು ಕೂಲಿ ಪಡೆಯಲೂಬಹುದು. ನಿಮ್ಮ ಯಂತ್ರದಲ್ಲಿ ಕೂರಿಸಿ, ಜನರನ್ನು ಒಳಗೆ ಬಿಟ್ಟು, ಅದಕ್ಕೆ ಹಣ ವಸೂಲಿ ಮಾಡುವ ಹಾಗಿಲ್ಲ. ಅಡುಗೆಯವನು ಮನೆಗೆ ಬಂದು ಬೇಯಿಸಿಕೊಡಬಹುದು, ಒಲೆಯನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಡುವಂತಿಲ್ಲ. ಅಳಿಯನ ಯೋಜನೆ ಒಲೆಯ ಬಾಡಿಗೆಯೇ ಆಗಿತ್ತು.

ನಾನು ಎಡವಿದ್ದು ಒಂದು ಪದದಲ್ಲಿ. ಕೋಡ್ ಕಾಣುತ್ತದೆ ಎಂದ ಮಾತ್ರಕ್ಕೆ ಅದು ಓಪನ್ ಸೋರ್ಸ್ ಅಲ್ಲ. 1998ರಲ್ಲಿ ಸ್ಥಾಪನೆಯಾದ ಓಪನ್ ಸೋರ್ಸ್ ಇನಿಷಿಯೇಟಿವ್ ಎಂಬ ಸಂಸ್ಥೆ ಹತ್ತು ಷರತ್ತುಗಳ ವ್ಯಾಖ್ಯೆಯನ್ನು ಇಟ್ಟುಕೊಂಡಿದೆ. ಯಾವ ಉದ್ದೇಶಕ್ಕೂ, ವ್ಯಾಪಾರಕ್ಕೂ, ಅಡ್ಡಿ ಇರಬಾರದು ಎನ್ನುವುದು ಅದರಲ್ಲಿ ಸೇರಿದೆ. ಎನ್‌ಏಟ್‌ಎನ್‌ನವರೂ ತಮ್ಮದನ್ನು ‘ಫೇರ್ ಕೋಡ್’ ಎಂದು ಬೇರೆ ಹೆಸರಿನಿಂದಲೇ ಕರೆಯುತ್ತಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ. ವರ್ಷಗಟ್ಟಲೆ ದುಡಿದು ಕಟ್ಟಿದ್ದನ್ನು ನನ್ನಂಥವನು ಮೂರು ದಿನದಲ್ಲಿ ಬಾಡಿಗೆಗೆ ಹಚ್ಚಿದರೆ ಅವರು ಉಣ್ಣುವುದೇನು? ಅಂದಹಾಗೆ, ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಿಗೆ ಕಂಪ್ಯೂಟರ್ ಪ್ರೋಗ್ರಾಂ ಒಂದು ಸಾಹಿತ್ಯ ಕೃತಿ. ಕವಿತೆಯ ಪಕ್ಕದಲ್ಲೇ ಅದರ ಮಣೆ.

ಬಾಡಿಗೆ ವ್ಯಾಪಾರವನ್ನೇ ಮಾಡುವುದಾದರೆ ದಾರಿ ಬೇರೆ. ಐಬಿಎಂನಲ್ಲಿ ಹುಟ್ಟಿದ ನೋಡ್‌-ರೆಡ್ ಎಂಬ ಇಂಥದ್ದೇ ತಂತ್ರಾಂಶ ಅಪಾಚೆ 2.0 ಪರವಾನಗಿಯಲ್ಲಿದೆ: ಬಳಸಿ, ಬದಲಿಸಿ, ಮಾರಿ, ಪರವಾನಗಿಯ ಪ್ರತಿಯನ್ನೂ ಹಕ್ಕಿನ ಸೂಚನೆಗಳನ್ನೂ ಜೊತೆಗೆ ಕೊಡಬೇಕು, ಬದಲಿಸಿದ ಕಡತಗಳಲ್ಲಿ ಬದಲಿಸಿದ್ದೇವೆ ಎಂದು ಬರೆಯಬೇಕು. ಆಕ್ಟಿವ್‌ಪೀಸಸ್ ಎಂಬ ಇನ್ನೊಂದರ ಸಾಮಾನ್ಯ ಆವೃತ್ತಿ ಹೆಚ್ಚು ಷರತ್ತಿಲ್ಲದ ಎಂಐಟಿ ಪರವಾನಗಿಯದು, ದೊಡ್ಡ ಕಂಪನಿಗಳಿಗೆಂದು ಮಾಡಿದ ಭಾಗಗಳಿಗೆ ಬೇರೆ ಪರವಾನಗಿ. ಒಂದೇ ಮನೆಯಲ್ಲಿ ಎರಡು ಕರಾರು ಇರುವುದು ಈಗ ಮಾಮೂಲಾಗಿದೆ. ಎನ್‌ಏಟ್‌ಎನ್‌ನಲ್ಲೂ ಕೆಲವು ಕಡತಗಳ ಬೀಗ ಬೇರೆ.

ವಿಂಡ್‌ಮಿಲ್ ಎಂಬ ಮತ್ತೊಂದರ ಬಹುಭಾಗ ಎಜಿಪಿಎಲ್ ಎಂಬ ಪರವಾನಗಿಯಲ್ಲಿದೆ. ಈ ಹೆಸರು ಕೇಳಿದರೆ ಅನೇಕರು ಹೌಹಾರುತ್ತಾರೆ, ಅಷ್ಟೊಂದು ಭಯ ಬೇಡ. ಅದು ಹಣ ಪಡೆಯಬೇಡಿ ಎನ್ನುವುದಿಲ್ಲ. ನೀವು ತಂತ್ರಾಂಶವನ್ನು ತಿದ್ದಿ, ಜಾಲದ ಮೂಲಕ ಜನರಿಗೆ ಬಳಸಲು ಕೊಟ್ಟರೆ, ತಿದ್ದಿದ ಕೋಡನ್ನೂ ಅವರಿಗೆ ಕೊಡಿ ಎನ್ನುತ್ತದೆ. ಇದರ ಅಣ್ಣನಾದ ಜಿಪಿಎಲ್ ಪರವಾನಗಿಯಲ್ಲಿ ಪ್ರತಿಯನ್ನು ಕೈಗೆ ಕೊಟ್ಟಾಗ ಮಾತ್ರ ಈ ಹೊಣೆ. ಜಾಲದಲ್ಲಿ ಓಡಿಸುವವರು ನುಸುಳುತ್ತಿದ್ದ ಆ ಕಿಂಡಿಗೆ ಎಜಿಪಿಎಲ್ ಹಲಗೆ ಬಡಿಯಿತು.

ಪರವಾನಗಿ ನಿಂತ ನೀರೂ ಅಲ್ಲ. 2023ರ ಆಗಸ್ಟ್‌ನಲ್ಲಿ ಹ್ಯಾಷಿಕಾರ್ಪ್ ಎಂಬ ಕಂಪನಿ ತನ್ನ ಟೆರಾಫಾರ್ಮ್ ಎಂಬ ತಂತ್ರಾಂಶದ ಮುಂದಿನ ಆವೃತ್ತಿಗಳನ್ನು ಓಪನ್ ಸೋರ್ಸ್‌ನಿಂದ ಹೊರತಂದಿತು. ಆದರೆ ಆ ಹಿಂದೆ ಬಿಟ್ಟ ಆವೃತ್ತಿಗಳ ಮೇಲಿನ ಹಕ್ಕು ಜನರ ಬಳಿಯೇ ಉಳಿದಿತ್ತು. ಆ ಬುಡದಿಂದಲೇ ಓಪನ್‌ಟೋಫು ಎಂಬ ಕವಲು ಚಿಗುರಿತು.

ಮುಂಗಡವನ್ನು ಮೂವರಿಗೂ ಹಿಂದಿರುಗಿಸಿದೆ. ಅಳಿಯ ಎರಡು ವಾರ ಮಾತು ಬಿಟ್ಟ. ಈಗ ಆ ಮೂವರಲ್ಲಿ ಇಬ್ಬರಿಗೆ ಅವರವರ ಯಂತ್ರದಲ್ಲೇ ಬೇರೆಬೇರೆಯಾಗಿ ಸ್ಥಾಪಿಸಿಕೊಟ್ಟಿದ್ದೇನೆ. ಪಾಸ್‌ವರ್ಡ್ ಅವರದು, ಕೂಲಿ ನನ್ನದು. ತಿಂಗಳಿಗೆ ಸಾವಿರದ ಕನಸು ಹೋಯಿತು, ಬದಲಿಗೆ ಎರಡು ಕಡೆ ರಿಪೇರಿಗೆ ಓಡಾಡುವ ಕೆಲಸ ಬಂತು. ಬಿಲ್ಲಿನ ಹಿಂದೆ ಆವೃತ್ತಿಯ ಸಂಖ್ಯೆ, ಇಳಿಸಿಕೊಂಡ ದಿನಾಂಕ, ಆ ದಿನದ ಪರವಾನಗಿಯ ಪೂರ್ತಿ ಪಠ್ಯದ ಮುದ್ರಿತ ಪ್ರತಿ, ಇಷ್ಟನ್ನು ಲಗತ್ತಿಸುತ್ತೇನೆ. ಮೂರನೆಯವರು ಇನ್ನೂ ಪುಸ್ತಕದಲ್ಲೇ ಬರೆಯುತ್ತಿದ್ದಾರೆ. ಅವರ ಗುಮಾಸ್ತನ ಕೈಬರಹ ಮುತ್ತಿನಂತಿದೆ, ನಾನೂ ಒತ್ತಾಯಿಸಲಿಲ್ಲ.

ನಮಸ್ಕಾರ.